ರೋಮ್ ಕಾಲದ ಆಕ್ಷನ್ ಸಿನಿಮಾ: ಈ ಭಾನುವಾರ ಯಾವುದನ್ನು ಹಾಕೋಣ?

ಅಕ್ಕನ ಮಗ ಒಂದು ಶುಕ್ರವಾರ ಸಂಜೆ ಫೋನ್ ಮಾಡಿ ಕೇಳಿದ: "ಮಾಮ, ಕತ್ತಿ, ರಥ, ಹುಲಿ ಎಲ್ಲಾ ಇರೋ ರೋಮ್ ಪಿಕ್ಚರ್ ಒಂದು ಹೇಳು. ಭಾನುವಾರ ಫ್ರೆಂಡ್ಸ್ ಬರ್ತಾರೆ. ತಾತ ಅಜ್ಜಿನೂ ಕೂತ್ಕೋಬಹುದು."

ಬಾಯಿಗೆ ಬಂದ ಹೆಸರು ಹೇಳಿ ಫೋನ್ ಇಟ್ಟೆ. ಆಮೇಲೆ ತಲೆ ಕೆರೆದುಕೊಂಡೆ. ಕಾಲೇಜು ಹುಡುಗರಿಗೆ ಹಿಡಿಸುವ ಚಿತ್ರದಲ್ಲಿ ರುಂಡ ಹಾರುತ್ತದೆ, ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಅಮ್ಮನಿಗೆ ಹಿಡಿಸುವ ಚಿತ್ರ ಮೂರೂವರೆ ಗಂಟೆ ಓಡುತ್ತದೆ, ಹುಡುಗರು ಅರ್ಧಕ್ಕೇ ಮೊಬೈಲ್ ತೆಗೆಯುತ್ತಾರೆ. ಮತ್ತೆ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿದೆ. ಆ ಮಾತನ್ನೇ ಇಲ್ಲಿ ಸ್ವಲ್ಪ ಸರಿಮಾಡಿ ಬರೆದಿದ್ದೇನೆ.

ಮೊದಲು ನನ್ನ ಅಳತೆಗೋಲು ಹೇಳಿಬಿಡುತ್ತೇನೆ. ಇಂಥ ಚಿತ್ರಗಳಲ್ಲಿ ಹೊಡೆದಾಟಕ್ಕೇನೂ ಬರ ಇಲ್ಲ. ಆದರೆ ಅಖಾಡದ ಬಾಗಿಲು ತೆರೆಯುವ ಹೊತ್ತಿಗೆ ನನಗೆ ಒಂದು ವಿಷಯ ಗೊತ್ತಿರಬೇಕು: ಇವನು ಸೋತರೆ ಏನು ಹೋಗುತ್ತದೆ? ಬರೀ ಪ್ರಾಣವೋ, ಇನ್ನೇನಾದರೂ ಇದೆಯೋ? ಅದು ಗೊತ್ತಿದ್ದರೆ ಎರಡೇ ಎರಡು ಕತ್ತಿ ಸಾಕು. ಗೊತ್ತಿಲ್ಲದಿದ್ದರೆ ಸಮುದ್ರವನ್ನೇ ತಂದು ಅಖಾಡಕ್ಕೆ ಸುರಿದರೂ ಆಕಳಿಕೆ ಬರುತ್ತದೆ. (ಸಮುದ್ರ ಸುರಿದ ಚಿತ್ರವೂ ಇದೆ, ಮುಂದೆ ಬರುತ್ತೆ.)

ಇನ್ನು ಇತಿಹಾಸ. ಈ ಪಟ್ಟಿಯಲ್ಲಿ ಇತಿಹಾಸಕ್ಕೆ ಪೂರ್ತಿ ನಿಯತ್ತಾಗಿರುವ ಚಿತ್ರ ಒಂದೂ ಇಲ್ಲ. ಸವಾರರ ಕಾಲಿಗೆ ರಿಕಾಪು (ಜೀನಿನಿಂದ ಇಳಿಬಿಟ್ಟ, ಪಾದ ಊರುವ ಬಳೆ) ಕಂಡರೆ ಕೆಲವರಿಗೆ ಮೈ ಉರಿಯುತ್ತದೆ, ಯಾಕೆಂದರೆ ರೋಮನ್ನರಿಗೆ ರಿಕಾಪು ಗೊತ್ತೇ ಇರಲಿಲ್ಲ. ನನಗೆ ಅದೇನೂ ದೊಡ್ಡ ವಿಷಯವಲ್ಲ. ರಿಕಾಪು ಇಲ್ಲದೆ ಕುದುರೆ ಓಡಿಸಿ ನಟ ಬಿದ್ದು ಸೊಂಟ ಮುರಿದುಕೊಳ್ಳಬೇಕಾ? ನನ್ನ ತಕರಾರು ಬೇರೆ. ನಿಜದ ಕಥೆಯೇ ಚಿತ್ರಕಥೆಗಿಂತ ಚೆನ್ನಾಗಿದ್ದು, ಅದನ್ನು ಕೈಬಿಟ್ಟಿದ್ದರೆ ಬೇಜಾರಾಗುತ್ತದೆ. ಅಂಥವು ಎಲ್ಲೆಲ್ಲಿವೆ ಅಂತ ಹೇಳುತ್ತಾ ಹೋಗುತ್ತೇನೆ.

ಗ್ಲಾಡಿಯೇಟರ್ (2000)

ಒಂದೇ ಒಂದು ಚಿತ್ರ ನೋಡಲು ಸಮಯ ಇದೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಿರ್ದೇಶಕ ರಿಡ್ಲಿ ಸ್ಕಾಟ್. 155 ನಿಮಿಷ. ರಸೆಲ್ ಕ್ರೋ ಮಾಡಿದ ಮ್ಯಾಕ್ಸಿಮಸ್ ರೋಮಿನ ಸೇನಾಪತಿ. ಯುದ್ಧ ಗೆದ್ದ ಮಾರನೇ ದಿನವೇ ಅವನ ಬದುಕು ತಲೆಕೆಳಗಾಗುತ್ತದೆ. ಹೆಂಡತಿ, ಮಗ, ಹೊಲ, ಹೆಸರು ಎಲ್ಲ ಕಳೆದುಕೊಂಡು ಗುಲಾಮನಾಗಿ, ಜನರ ಮೋಜಿಗೆ ಹೊಡೆದಾಡುವ ಗ್ಲಾಡಿಯೇಟರ್ ಆಗಿ ಅಖಾಡಕ್ಕೆ ಬರುತ್ತಾನೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ, ತನ್ನ ಮನೆಯವರನ್ನು ಕೊಲ್ಲಿಸಿದ ಚಕ್ರವರ್ತಿಯ ಕಣ್ಣ ಮುಂದೆ ಹೋಗಿ ನಿಲ್ಲುತ್ತಾನೆ. ಕಥೆ ಇಷ್ಟೇ. ನಮ್ಮ ಹಳೇ ಸೇಡಿನ ಚಿತ್ರಗಳನ್ನು ನೋಡಿ ಬೆಳೆದವರಿಗೆ ಪರಿಚಯ ಮಾಡಿಕೊಡಬೇಕಾಗಿಯೇ ಇಲ್ಲ.

ಹಾಗಾದರೆ ಇದರಲ್ಲಿ ಅಂಥದ್ದೇನಿದೆ? ಮೊದಲ ಇಪ್ಪತ್ತು ನಿಮಿಷ ಮತ್ತು ರೋಮಿನ ದೊಡ್ಡ ಅಖಾಡವಾದ ಕೊಲೋಸಿಯಂನ ಮೊದಲ ಕಾಳಗ, ಇವೆರಡನ್ನು ಪಕ್ಕ ಪಕ್ಕ ಇಟ್ಟು ನೋಡಿ. ಶುರುವಿನಲ್ಲಿ ಜರ್ಮೇನಿಯಾದ ಕಾಡಿನ ಅಂಚಿನಲ್ಲಿ ಯುದ್ಧ. ಹಿಮ, ಕೆಸರು, ಬೆಂಕಿಯ ಬಾಣ. ಚಿತ್ರೀಕರಣ ಆಗಿದ್ದು ಇಂಗ್ಲೆಂಡಿನ ಸರ್ರೆಯ ಬೋರ್ನ್ ವುಡ್‌ನಲ್ಲಿ. ಆ ಮರಗಳನ್ನು ಹೇಗೂ ಕಡಿಯುವುದಿತ್ತು, ಹಾಗಾಗಿ ಸುಡಲು ಬಿಟ್ಟರು. ಅಲ್ಲಿ ಮ್ಯಾಕ್ಸಿಮಸ್ ತನ್ನ ಸವಾರರಿಗೆ ಹೇಳುವುದು ಒಂದೇ: ಸಾಲು ಬಿಡಬೇಡಿ, ನನ್ನ ಜೊತೆಗೇ ಇರಿ. ಗಂಟೆ ಕಳೆದ ಮೇಲೆ ಕೊಲೋಸಿಯಂ. ಈಗ ಅವನ ಸುತ್ತ ಇರುವುದು ಒಬ್ಬರಿಗೊಬ್ಬರು ಗುರುತಿಲ್ಲದ ಗುಲಾಮರು. ಅವರಿಗೆ ಕೊಟ್ಟ ವೇಷ ಹಿಂದೆ ರೋಮಿಗೆ ಸೋತ ಶತ್ರು ಹ್ಯಾನಿಬಲನ ಸೈನಿಕರದ್ದು. ಅಂದರೆ ಸಾಯಲಿಕ್ಕೇ ಕಳಿಸಿದವರು. ಎದುರಿಗೆ ರಥಗಳು. ಆಗ ಅವನು ಅದೇ ಮಾತು ಹೇಳುತ್ತಾನೆ. ಒಟ್ಟಿಗೆ ನಿಲ್ಲಿ. ಗುರಾಣಿ ಕೂಡಿಸಿ. ಸಾಯಬೇಕಾದವರು ಗೆಲ್ಲುತ್ತಾರೆ.

ಅವನು ಎಲ್ಲವನ್ನೂ ಕಳೆದುಕೊಂಡಿದ್ದಾನೆ, ಆದರೆ ಸೇನಾಪತಿತನ ಹೋಗಿಲ್ಲ. ಇದನ್ನು ಯಾರೂ ಡೈಲಾಗ್ ಹೊಡೆದು ಹೇಳುವುದಿಲ್ಲ. ಹೊಡೆದಾಟವೇ ಹೇಳುತ್ತದೆ. ನಾನು ಇದನ್ನು ಮೊದಲು ನೋಡಿದ್ದು ಹಾಸ್ಟೆಲ್‌ನಲ್ಲಿ, ಗೀರು ಬಿದ್ದ ವಿಸಿಡಿಯಲ್ಲಿ, ಹದಿನಾಲ್ಕು ಇಂಚಿನ ಟಿವಿಯಲ್ಲಿ. ರಥ ಮಗುಚುವ ಜಾಗದಲ್ಲೇ ಚಿತ್ರ ನಿಂತು ನಿಂತು ಬರುತ್ತಿತ್ತು. ಆದರೂ ಹತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದೆವು.

ಎದುರಾಳಿಯೂ ಕಮ್ಮಿ ಇಲ್ಲ. ವಾಕೀನ್ ಫೀನಿಕ್ಸ್ ಮಾಡಿದ ಚಕ್ರವರ್ತಿ ಕಾಮೊಡಸ್ ಅಪ್ಪನ ಪ್ರೀತಿ ಸಿಗದ ಮಗ. ಅವನನ್ನು ನೋಡಿದರೆ ಭಯವೂ ಆಗುತ್ತದೆ, ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ. ಹ್ಯಾನ್ಸ್ ಜಿಮ್ಮರ್ ಮತ್ತು ಲೀಸಾ ಜೆರಾರ್ಡ್ ಅವರ ಸಂಗೀತದ ಬಗ್ಗೆ ಹೇಳುವುದೇ ಬೇಡ. ಗೋಧಿ ತೆನೆಗಳ ಮೇಲೆ ಕೈ ಸವರಿಕೊಂಡು ಹೋಗುವ ಆ ಶಾಟ್ ನೋಡಿದವರಿಗೆ ರಾಗವೂ ನೆನಪಿರುತ್ತದೆ. ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟ ಸೇರಿ 5 ಆಸ್ಕರ್ ಬಂದವು. ಗ್ಲಾಡಿಯೇಟರ್‌ಗಳ ಯಜಮಾನ ಪ್ರಾಕ್ಸಿಮೊ ಆಗಿದ್ದ ಆಲಿವರ್ ರೀಡ್ ಚಿತ್ರೀಕರಣ ಮುಗಿಯುವ ಮೊದಲೇ ಮಾಲ್ಟಾದಲ್ಲಿ ತೀರಿಕೊಂಡರು. ಉಳಿದ ಭಾಗಕ್ಕೆ ಬೇರೊಬ್ಬರ ಮೈ, ಕಂಪ್ಯೂಟರಿನಲ್ಲಿ ಕೂಡಿಸಿದ ರೀಡ್ ಮುಖ. ಹೇಳದಿದ್ದರೆ ಗೊತ್ತಾಗುವುದಿಲ್ಲ.

ಈಗ ಕೈಬಿಟ್ಟ ನಿಜಗಳು. ಚಿತ್ರದಲ್ಲಿ ಮಗ ಕಾಮೊಡಸನೇ ತನ್ನ ಅಪ್ಪ, ಚಕ್ರವರ್ತಿ ಮಾರ್ಕಸ್ ಔರೇಲಿಯಸನನ್ನು ಕೊಲ್ಲುತ್ತಾನೆ. ನಿಜದಲ್ಲಿ ಅಪ್ಪ ಕ್ರಿ.ಶ. 180ರಲ್ಲಿ ಸತ್ತಿದ್ದು ಬಹುಶಃ ಕಾಯಿಲೆಯಿಂದ. ಅದಕ್ಕೆ ಮೂರು ವರ್ಷ ಮೊದಲೇ ಕಾಮೊಡಸನನ್ನು ಜೊತೆ ಚಕ್ರವರ್ತಿಯಾಗಿ ಮಾಡಿಯೂ ಆಗಿತ್ತು. ಇದನ್ನು ಬದಲಿಸಿದ್ದು ಕಥೆಗೆ ಬೇಕಿತ್ತು, ಬಿಡಿ. ಆದರೆ ಕಾಮೊಡಸ್ ನಿಜವಾಗಿಯೂ ಅಖಾಡಕ್ಕಿಳಿಯುತ್ತಿದ್ದ. ಆ ಕಾಲದ ಸೆನೆಟರ್ ಕ್ಯಾಸಿಯಸ್ ಡಿಯೊ ಕಣ್ಣಾರೆ ಕಂಡಿದ್ದನ್ನು ಬರೆದಿಟ್ಟಿದ್ದಾನೆ. ಒಮ್ಮೆ ಚಕ್ರವರ್ತಿ ಉಷ್ಟ್ರಪಕ್ಷಿಯ ತಲೆ ಕಡಿದು, ಒಂದು ಕೈಯಲ್ಲಿ ತಲೆ ಇನ್ನೊಂದರಲ್ಲಿ ರಕ್ತದ ಕತ್ತಿ ಹಿಡಿದು, ಸೆನೆಟರ್‌ಗಳು ಕೂತಿದ್ದ ಕಡೆ ಬಂದು ಹಲ್ಲು ಕಿರಿದನಂತೆ. ನಿಮಗೂ ಇದೇ ಗತಿ ಅಂತ ಅರ್ಥ. ಆದರೆ ಸೆನೆಟರ್‌ಗಳಿಗೆ ಬಂದಿದ್ದು ಭಯಕ್ಕಿಂತ ನಗು. ನಕ್ಕರೆ ತಲೆ ಹೋಗುತ್ತದೆ. ಡಿಯೊ ತನ್ನ ಮಾಲೆಯಿಂದ ಲಾರೆಲ್ ಎಲೆ ಕಿತ್ತು ಬಾಯಿಗೆ ಹಾಕಿ ಅಗಿಯತೊಡಗಿದ, ಪಕ್ಕದವರಿಗೂ ಹಾಗೇ ಮಾಡಿ ಅಂದ. ಬಾಯಿ ಆಡುತ್ತಿದ್ದರೆ ನಗು ಕಾಣುವುದಿಲ್ಲವಲ್ಲ! ಈ ಒಂದು ಸೀನ್ ಚಿತ್ರದಲ್ಲಿ ಇದ್ದಿದ್ದರೆ ಏನು ಚೆನ್ನಾಗಿರುತ್ತಿತ್ತು ಅಲ್ವಾ?

ಅವನ ಸಾವೂ ಅಷ್ಟೇ. 192ರ ಡಿಸೆಂಬರ್ 31ರಂದು ಮೊದಲು ವಿಷ ಕೊಟ್ಟರು. ಅವನು ವಾಂತಿ ಮಾಡಿಕೊಂಡ. ಆಮೇಲೆ ನಾರ್ಸಿಸಸ್ ಎಂಬ ಕುಸ್ತಿಪಟುವನ್ನು ಕಳಿಸಿ ಕತ್ತು ಹಿಸುಕಿಸಿದರು. ಚಿತ್ರಕಥೆಯ ಮೊದಲ ಕರಡಿನಲ್ಲಿ ನಾಯಕನ ಹೆಸರು ನಾರ್ಸಿಸಸ್ ಎಂದೇ ಇತ್ತು. ಆಮೇಲೆ ಮ್ಯಾಕ್ಸಿಮಸ್ ಆಯಿತು.

ಹೆಬ್ಬೆರಳು ಕೆಳಗೆ ಮಾಡಿದರೆ ಸಾವು ಅನ್ನುವುದು? ಅದು 1872ರಲ್ಲಿ ಫ್ರಾನ್ಸಿನ ಚಿತ್ರಕಾರ ಜೆರೋಮ್ ಬರೆದ ಒಂದು ವರ್ಣಚಿತ್ರ ನಮ್ಮ ತಲೆಯಲ್ಲಿ ಕೂರಿಸಿದ್ದು. ರಿಡ್ಲಿ ಸ್ಕಾಟ್ ಈ ಚಿತ್ರ ಒಪ್ಪಿದ್ದೂ ಅದನ್ನು ನೋಡಿಯೇ. ಹಳೆಯ ಬರಹಗಳಲ್ಲಿ ಹೆಬ್ಬೆರಳು ತಿರುಗಿಸಿದರು ಅಂತಿದೆ. ಯಾವ ಕಡೆಗೆ ಅಂತ ಇಲ್ಲ.

ಒಂದು ಅಡ್ಡ ಮಾತು. ಈ ಕಥೆ ನಡೆಯುವ 2ನೇ ಶತಮಾನದ್ದೇ ಎನ್ನಲಾದ ಒಂದು ಗ್ರೀಕ್ ಪ್ರಹಸನದ ಪಪೈರಸ್ ಹಾಳೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದೆ. ಆಗ ಈಜಿಪ್ಟ್ ರೋಮಿನ ಕೈಯಲ್ಲಿತ್ತು. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯೊಬ್ಬಳನ್ನು, ಅಲ್ಲಿನ ರಾಜನಿಗೆ ಹೆಂಡ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ಗ್ರೀಕ್ ಅಲ್ಲದ ಮಾತುಗಳೂ ಬರುತ್ತವೆ. ಅವು ಕನ್ನಡ ಇರಬಹುದು ಎಂದು ಹುಲ್ಟ್ಜ್ ಎಂಬ ವಿದ್ವಾಂಸರು 1904ರಲ್ಲಿ ಬರೆದರು. ಆಮೇಲೆ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಆ ಮಾತನ್ನು ಮುಂದುವರಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಕೊಲೋಸಿಯಂ ತುಂಬಿ ಕೂಗುತ್ತಿದ್ದ ಕಾಲದಲ್ಲೇ ರೋಮಿನ ಆಳ್ವಿಕೆಯ ಇನ್ನೊಂದು ಮೂಲೆಯಲ್ಲಿ ಯಾರೋ ವೇದಿಕೆ ಮೇಲೆ ಕನ್ನಡದಂಥ ಮಾತಾಡಿ ಜನರನ್ನು ನಗಿಸುತ್ತಿದ್ದರೇನೋ ಅಂತ ನೆನೆದರೆ ಖುಷಿಯಾಗುತ್ತದೆ. ಯಾರಾದರೂ ಅದನ್ನು ಸಿನಿಮಾ ಮಾಡಬಾರದಾ?

ಎರಡನೇ ಗ್ಲಾಡಿಯೇಟರ್ (2024)

ಅದೇ ನಿರ್ದೇಶಕ, 24 ವರ್ಷದ ನಂತರ. 148 ನಿಮಿಷ. ಪಾಲ್ ಮೆಸ್ಕಲ್ ನಾಯಕ. ಮೊದಲ ಚಿತ್ರದಲ್ಲಿ ಕಾಮೊಡಸನ ಅಕ್ಕನಾಗಿದ್ದ ಲೂಸಿಲ್ಲಾ ಪಾತ್ರದಲ್ಲಿ ಕೋನಿ ನೀಲ್ಸನ್ ಮತ್ತೆ ಬರುತ್ತಾರೆ. ಕೇಳುವವರು ಜಾಸ್ತಿ ಇರುವ ಪ್ರಶ್ನೆ: ಮೊದಲನೆಯದನ್ನು ನೋಡದೆ ಇದನ್ನು ನೋಡಬಹುದಾ? ನೋಡಬಹುದು, ಕಥೆ ಅರ್ಥವಾಗುತ್ತದೆ. ಆದರೆ ಎರಡು ಮೂರು ಕಡೆ ಚಿತ್ರ ನಿಮ್ಮ ಕಣ್ಣಲ್ಲಿ ನೀರು ತರಿಸಲು ಹೋಗುತ್ತದೆ, ಆಗ ನೀವು ಸುಮ್ನೆ ಕೂತಿರುತ್ತೀರಿ. ಆ ನೀರೆಲ್ಲ ಮೊದಲ ಚಿತ್ರದಿಂದ ಸಾಲ ತಂದದ್ದು.

ಹೊಡೆದಾಟದ ಪ್ರಮಾಣ ಇಲ್ಲಿ ದೊಡ್ಡದು. ಹಡಗುಗಳು ಕೋಟೆಗೆ ಲಗ್ಗೆ ಹಾಕುತ್ತವೆ. ಬಬೂನ್ ಕೋತಿಗಳು ಮೇಲೆ ಬೀಳುತ್ತವೆ. ಘೇಂಡಾಮೃಗದ ಮೇಲೆ ಕೂತು ಒಬ್ಬ ಬರುತ್ತಾನೆ. ಘೇಂಡಾಮೃಗವನ್ನು ಮೊದಲ ಚಿತ್ರಕ್ಕೇ ಯೋಚಿಸಿದ್ದರು, ಖರ್ಚು ಕೈಮೀರುತ್ತದೆ ಅಂತ ಬಿಟ್ಟಿದ್ದರು. ಕೊನೆಗೆ ಕೊಲೋಸಿಯಂಗೆ ನೀರು ತುಂಬಿಸಿ ಹಡಗು ಕಾಳಗ, ಕೆಳಗೆ ಬಾಯ್ದೆರೆದ ಶಾರ್ಕ್. ನೋಡಲು ಮಜಾ ಇದೆ. ದೊಡ್ಡ ಪರದೆಯಲ್ಲಿ ಇನ್ನೂ ಮಜಾ. ಆದರೆ ನನ್ನ ಅಳತೆಗೋಲು ಹಿಡಿದರೆ ಇಲ್ಲೇ ಜಾರುತ್ತದೆ. ಬಬೂನ್ ಕಾಳಗದಲ್ಲಿ ನಾಯಕನ ಪ್ರಾಣ ಬಿಟ್ಟು ಬೇರೇನೂ ಪಣಕ್ಕಿಲ್ಲ. ಅವನು ಸಾಯುವುದಿಲ್ಲ ಅಂತ ನಮಗೆ ಗೊತ್ತು. ಇನ್ನೂ ಎರಡು ಗಂಟೆ ಬಾಕಿ ಇದೆಯಲ್ಲ!

ನೀರು ತುಂಬಿಸಿದ್ದು ಸುಳ್ಳಾ ಅಂತ ತುಂಬ ಜನ ಕೇಳುತ್ತಾರೆ. ಪೂರ್ತಿ ಸುಳ್ಳಲ್ಲ. ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್ ಕೊಲೋಸಿಯಂ ಉದ್ಘಾಟನೆ ಮಾಡಿದಾಗ ಅಲ್ಲಿ ನೀರು ತುಂಬಿಸಿ ಆಟ ಆಡಿಸಿದ ಎಂದು ಅದೇ ಡಿಯೊ ಬರೆದಿದ್ದಾನೆ. ಆಮೇಲೆ ಅಖಾಡದ ಕೆಳಗೆ ಪ್ರಾಣಿಗಳ ಬೋನು, ಓಣಿ, ಮೇಲೆತ್ತುವ ಯಂತ್ರ ಎಲ್ಲ ಕಟ್ಟಿದರು. ಅಲ್ಲಿಗೆ ನೀರಿನಾಟ ಮುಗಿಯಿತು. ಚಿತ್ರದ ಕಾಲ ಅದಕ್ಕಿಂತ ನೂರು ವರ್ಷಕ್ಕೂ ಹೆಚ್ಚು ಈಚಿನದು. ಶಾರ್ಕ್ ಮಾತ್ರ ಶುದ್ಧ ಹಾಲಿವುಡ್. ರೋಮ್ ಸೇನೆ ಉತ್ತರ ಆಫ್ರಿಕಾದ ನುಮಿಡಿಯಾವನ್ನು ಆಗ ಗೆಲ್ಲಲು ಹೋಗುವುದೂ ಅಷ್ಟೇ, ಅದು ಇನ್ನೂರು ವರ್ಷದಿಂದ ರೋಮಿನದ್ದೇ ಆಗಿತ್ತು.

ಇಲ್ಲಿ ಕೈಬಿಟ್ಟ ನಿಜ ಇನ್ನೂ ದೊಡ್ಡದು. ಚಿತ್ರದಲ್ಲಿ ಕ್ಯಾರಕಲ್ಲಾ, ಗೀಟಾ ಎಂಬ ಇಬ್ಬರು ಅಣ್ಣತಮ್ಮ ಚಕ್ರವರ್ತಿಗಳು. ಮುಖಕ್ಕೆ ಬಿಳಿ ಬಳಿದುಕೊಂಡ ಹುಚ್ಚು ಹುಡುಗರು. ನಿಜದ ಅಣ್ಣತಮ್ಮಂದಿರು 211ರಲ್ಲಿ ಅಪ್ಪ ಸತ್ತ ಮೇಲೆ ಒಬ್ಬರ ಮುಖ ಒಬ್ಬರು ನೋಡದಷ್ಟು ದ್ವೇಷ ಬೆಳೆಸಿಕೊಂಡಿದ್ದರು. ರಾಜಿ ಮಾಡಿಸುತ್ತೇನೆ ಅಂತ ತಾಯಿ ಜೂಲಿಯಾ ಡೊಮ್ನಾ ಇಬ್ಬರನ್ನೂ ತನ್ನ ಕೋಣೆಗೆ ಕರೆದಳು. ಅಣ್ಣನ ಕಡೆಯವರು ಒಳಗೆ ನುಗ್ಗಿದರು. ಗೀಟಾ ಓಡಿಹೋಗಿ ಅಮ್ಮನ ಕುತ್ತಿಗೆ ಅಪ್ಪಿಕೊಂಡ. ಅವಳ ತೋಳಿನಲ್ಲೇ ಕೊಂದರು. ಅವಳ ಕೈಗೂ ಗಾಯವಾಯಿತು. ಮಗ ಸತ್ತಿದ್ದಕ್ಕೆ ಅಳುವುದಕ್ಕೂ ಅವಳಿಗೆ ಬಿಡಲಿಲ್ಲ. ಇದನ್ನು ಬಿಟ್ಟು ಶಾರ್ಕ್ ತಂದರಲ್ಲ ಅಂತ ನನಗೆ ಇವತ್ತಿಗೂ ಸಂಕಟ.

ಇಡೀ ಚಿತ್ರವನ್ನು ಎತ್ತಿ ಹಿಡಿಯುವವರು ಡೆನ್ಜೆಲ್ ವಾಷಿಂಗ್ಟನ್. ಅವರ ಮ್ಯಾಕ್ರಿನಸ್ ಗ್ಲಾಡಿಯೇಟರ್‌ಗಳನ್ನು ಸಾಕುವ ವ್ಯಾಪಾರಿ. ನಗುನಗುತ್ತಾ ಉಂಗುರ ತಿರುಗಿಸುತ್ತಾ ಇಡೀ ರೋಮನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಅವರು ಪರದೆಯ ಮೇಲೆ ಇರುವಾಗ ಹೊಡೆದಾಟ ಬೇಕು ಅನ್ನಿಸುವುದೇ ಇಲ್ಲ. ಒಂದು ಆಕ್ಷನ್ ಚಿತ್ರಕ್ಕೆ ಇದು ಹೊಗಳಿಕೆಯೋ ತೆಗಳಿಕೆಯೋ ನೀವೇ ನೋಡಿಕೊಳ್ಳಿ.

ಹಾಗಾದರೆ ಯಾರಿಗೆ? ಗೆಳೆಯರ ಗುಂಪು, ಜೋರು ಸೌಂಡು, ನಡುನಡುವೆ ಕಾಮೆಂಟು ಹೊಡೆಯುತ್ತಾ ನೋಡುವವರಿಗೆ. ಒಬ್ಬರೇ ರಾತ್ರಿ ಕೂತು ನೋಡುವುದಾದರೆ ಮೊದಲನೆಯದೇ ಸರಿ.

ಬೆನ್‌ಹರ್ (1959)

ಇದನ್ನು ಆಕ್ಷನ್ ಚಿತ್ರ ಅಂತ ಕರೆದರೆ ಕೆಲವರು ಹುಬ್ಬೇರಿಸುತ್ತಾರೆ. 212 ನಿಮಿಷದ ಚಿತ್ರ, ಹೊಡೆದಾಟದ ಪಾಲು ಕಮ್ಮಿ. ಕಥೆಯ ಹಿಂದೆ ಏಸುವಿನ ಜೀವನ ಹರಿಯುತ್ತಿರುತ್ತದೆ. ಅವನ ಮುಖ ಮಾತ್ರ ಒಮ್ಮೆಯೂ ಕಾಣುವುದಿಲ್ಲ. ಯಹೂದಿ ಶ್ರೀಮಂತ ಜೂಡಾ ಬೆನ್‌ಹರ್, ರೋಮನ್ ಅಧಿಕಾರಿ ಮೆಸಾಲಾ ಬಾಲ್ಯದ ಜೀವದ ಗೆಳೆಯರು. ರಾಜ್ಯಪಾಲನ ಮೆರವಣಿಗೆ ಹೋಗುವಾಗ ಮನೆಯ ಮೇಲಿಂದ ಒಂದು ಹೆಂಚು ಜಾರಿ ಬೀಳುತ್ತದೆ. ಅಷ್ಟೇ. ಗೆಳೆಯನೇ ಗೆಳೆಯನ ಮನೆ ಹಾಳು ಮಾಡುತ್ತಾನೆ. ತಾಯಿ, ತಂಗಿ ಸೆರೆಮನೆಗೆ, ಜೂಡಾ ಹಡಗಿನ ಹುಟ್ಟು ಹಾಕಲು.

ಎರಡೂಕಾಲು ಗಂಟೆ ದಾಟಿದ ಮೇಲೆ ರಥದ ಓಟ ಬರುತ್ತದೆ. ಒಂಬತ್ತು ನಿಮಿಷದ ಆಸುಪಾಸು. ಅಷ್ಟು ಹೊತ್ತಿಗೆ ಇಬ್ಬರ ನಡುವೆ ಏನೇನು ನಡೆದಿದೆ ಅಂತ ನಮಗೆ ಗೊತ್ತು. ಅದಕ್ಕೇ ಆ ಒಂಬತ್ತು ನಿಮಿಷಕ್ಕೆ ಅಷ್ಟು ತೂಕ. ರೋಮಿನ ಚಿನೆಚಿತ್ತಾ ಸ್ಟುಡಿಯೊದಲ್ಲಿ ಸುಮಾರು 18 ಎಕರೆಯ ಮೈದಾನ ಕಟ್ಟಿ ತೆಗೆದರು. ಬೆನ್‌ಹರ್ ಪಾತ್ರ ಮಾಡಿದ ಚಾರ್ಲ್ಟನ್ ಹೆಸ್ಟನ್ ರಥ ಓಡಿಸುವುದನ್ನು ನಿಜವಾಗಿಯೇ ಕಲಿತರು. ರಥ ಒಂದರ ಮೇಲೆ ಹಾರುವ ಕಡೆ ಅವರ ಬದಲಿಗೆ ಇದ್ದ ಸಾಹಸಿ ಜೋ ಕನಟ್ ರಥದಿಂದ ಎಗರಿ ಮುಂದಕ್ಕೆ ಬಿದ್ದರು. ಅದು ಲೆಕ್ಕದಲ್ಲಿ ಇರಲಿಲ್ಲ. ಪುಣ್ಯಕ್ಕೆ ಬದುಕಿಕೊಂಡರು. ಆ ಶಾಟನ್ನೇ ಚಿತ್ರದಲ್ಲಿ ಉಳಿಸಿದ್ದಾರೆ, ಹೆಸ್ಟನ್ ಮತ್ತೆ ರಥಕ್ಕೆ ಹತ್ತುವುದನ್ನು ಸೇರಿಸಿ.

ನೋಡುವಾಗ ಒಂದು ಗಮನಿಸಿ. ಓಟ ಶುರುವಾಗುವ ಮೊದಲು ಮೆರವಣಿಗೆಗೆ ಭರ್ಜರಿ ವಾದ್ಯ ಇದೆ. ಓಟ ಶುರುವಾಯಿತೋ, ಸಂಗೀತ ಬಂದ್. ಗೊರಸು, ಚಕ್ರ, ಚಾಟಿ, ಜನರ ಕೂಗು, ಅಷ್ಟೇ. ಈಗಿನ ಚಿತ್ರ ಆಗಿದ್ದರೆ ಡ್ರಮ್ಸ್ ಬಾರಿಸಿ ಕಿವಿ ಹರಿಯುತ್ತಿದ್ದರು. 11 ಆಸ್ಕರ್ ಸುಮ್ನೆ ಬರಲಿಲ್ಲ. ಇವತ್ತಿಗೂ ಅದಕ್ಕಿಂತ ಹೆಚ್ಚು ಯಾವ ಚಿತ್ರಕ್ಕೂ ಬಂದಿಲ್ಲ.

ಕೊರತೆ ಹೇಳಬೇಕೆಂದರೆ, ಹಡಗು ಕಾಳಗದಲ್ಲಿ ದೂರದ ಹಡಗುಗಳು ತೊಟ್ಟಿಯಲ್ಲಿ ತೇಲುವ ಆಟಿಕೆ ಅಂತ ಗೊತ್ತಾಗುತ್ತದೆ. ರೋಮ್ ನೌಕಾಸೇನೆಯಲ್ಲಿ ಹುಟ್ಟು ಹಾಕುತ್ತಿದ್ದವರು ಸಾಮಾನ್ಯವಾಗಿ ಸಂಬಳದ ಆಳುಗಳು, ಸರಪಳಿ ಬಿಗಿದ ಕೈದಿಗಳಲ್ಲ. ಅರಬ್ ಶೇಖ್ ಪಾತ್ರಕ್ಕೆ ವೇಲ್ಸ್‌ನ ನಟನಿಗೆ ಕಂದು ಬಣ್ಣ ಬಳಿದು ನಿಲ್ಲಿಸಿದ್ದು ಈಗ ನೋಡಿದರೆ ಮುಜುಗರ, ಅದಕ್ಕೂ ಆಸ್ಕರ್ ಬಂತು ಅನ್ನಿ. ಓಟ ಮುಗಿದ ಮೇಲೂ ಚಿತ್ರ ಮುಕ್ಕಾಲು ಗಂಟೆ ಹತ್ತಿರ ಇದೆ. ಆ ಭಾಗ ಭಕ್ತಿಯದ್ದು. ಕೆಲವರಿಗೆ ಅದೇ ಇಷ್ಟ.

2016ರಲ್ಲಿ ಇದನ್ನೇ ಎರಡು ಗಂಟೆಗೆ ಇಳಿಸಿ ಮತ್ತೆ ಮಾಡಿದರು. ಸಮಯ ಉಳಿಯುತ್ತದೆ ಅಂತ ಅದನ್ನು ಹಾಕಬೇಡಿ. ಗೆಳೆತನ ಕಟ್ಟಲು ಬೇಕಾದ ಹೊತ್ತನ್ನೇ ಕತ್ತರಿಸಿದ್ದಾರೆ.

ಸ್ಪಾರ್ಟಕಸ್ (1960)

ಕರ್ಕ್ ಡಗ್ಲಾಸ್‌ಗೆ ಬೆನ್‌ಹರ್ ಪಾತ್ರ ಬೇಕಿತ್ತು. ನಿರ್ದೇಶಕ ವಿಲಿಯಂ ವೈಲರ್ ಮೆಸಾಲಾ ಪಾತ್ರ ಮಾಡು ಅಂದರು. ಬೇಡ ಅಂತ ಬಂದು, ತಾವೇ ಒಂದು ರೋಮ್ ಚಿತ್ರ ಮಾಡಿದರು. ಅದೇ ಇದು. ಆಂಥನಿ ಮ್ಯಾನ್ ಶುರು ಮಾಡಿದ ನಿರ್ದೇಶನ ಸ್ವಲ್ಪ ದಿನದಲ್ಲೇ ಸ್ಟ್ಯಾನ್ಲಿ ಕುಬ್ರಿಕ್ ಕೈಗೆ ಬಂತು. ಚಿತ್ರಕಥೆ ಡಾಲ್ಟನ್ ಟ್ರಂಬೊ ಅವರದು. ಕಮ್ಯುನಿಸ್ಟ್ ಎಂಬ ಕಾರಣಕ್ಕೆ ಹಾಲಿವುಡ್ ಅವರನ್ನು ಕಪ್ಪುಪಟ್ಟಿಗೆ ಸೇರಿಸಿತ್ತು, ವರ್ಷಗಟ್ಟಲೆ ಬೇರೆಯವರ ಹೆಸರಿನಲ್ಲಿ ಬರೆಯುತ್ತಿದ್ದರು. ಇಲ್ಲಿ ಅವರ ಹೆಸರನ್ನೇ ಪರದೆ ಮೇಲೆ ಹಾಕಿದರು. ಗುಲಾಮರ ಬಂಡಾಯದ ಕಥೆಗೆ ಅದಕ್ಕಿಂತ ಒಳ್ಳೆಯ ಶುರು ಬೇಕಾ?

ನನ್ನ ಅಳತೆಗೋಲಿಗೆ ಈ ಎಲ್ಲ ಚಿತ್ರಗಳಲ್ಲಿ ಮೊದಲ ಸ್ಥಾನ ಪಡೆಯುವ ಕಾಳಗ ಇಲ್ಲಿದೆ. ಅದು ಕೊಲೋಸಿಯಂನಲ್ಲಲ್ಲ, ಶಾಲೆಯ ಅಂಗಳದಂಥ ಪುಟ್ಟ ಅಖಾಡದಲ್ಲಿ. ಕಾಪುವಾ ಊರಿನ ಗ್ಲಾಡಿಯೇಟರ್ ಶಾಲೆಗೆ ರೋಮಿನಿಂದ ನಾಲ್ಕು ಜನ ಅತಿಥಿಗಳು ಬರುತ್ತಾರೆ. ಹೊತ್ತು ಹೋಗುತ್ತಿಲ್ಲ, ಎರಡು ಜೋಡಿ ಸಾಯುವ ತನಕ ಹೊಡೆದಾಡಲಿ ಎನ್ನುತ್ತಾರೆ. ಮುಂದೆ ಬಂಡಾಯದ ನಾಯಕನಾಗುವ ಸ್ಪಾರ್ಟಕಸ್, ಅವನ ಜೊತೆಯ ಗುಲಾಮ ಡ್ರಾಬಾ ಎರಡನೇ ಜೋಡಿ. ಮರದ ಸಣ್ಣ ಗೂಡಿನಲ್ಲಿ ಎದುರುಬದುರು ಕೂತಿದ್ದಾರೆ. ಹೊರಗೆ ಮೊದಲ ಜೋಡಿಯ ಕತ್ತಿ ಸದ್ದು. ಮಾತಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ, ಕಣ್ಣು ತಪ್ಪಿಸುತ್ತಾರೆ. ಆಮೇಲೆ ಬಾಗಿಲು ತೆರೆಯುತ್ತದೆ. ಒಬ್ಬನ ಕೈಯಲ್ಲಿ ಬಲೆ, ತ್ರಿಶೂಲ. ಇನ್ನೊಬ್ಬನ ಕೈಯಲ್ಲಿ ಗಿಡ್ಡ ಕತ್ತಿ. ಮೇಲೆ ಕೂತವರು ಹೊಡೆದಾಟ ನೋಡುತ್ತಲೂ ಇಲ್ಲ, ಅಧಿಕಾರದ ವಿಷಯ ಮಾತಾಡುತ್ತಿದ್ದಾರೆ. ಮುಂದೇನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಕೊನೆಯ ದೊಡ್ಡ ಯುದ್ಧಕ್ಕೆ ಸ್ಪೇನ್ ದೇಶದ ಸಾವಿರಾರು ನಿಜದ ಸೈನಿಕರನ್ನು ಬಳಸಿದರು. ಗುಡ್ಡದಾಚೆಯಿಂದ ರೋಮ್ ಸೇನೆ ಚೌಕ ಚೌಕವಾಗಿ ಬಂದು ನಿಲ್ಲುವುದನ್ನು ಅವಸರವಿಲ್ಲದೆ ತೋರಿಸುತ್ತಾರೆ. ಹೊಡೆತ ಇನ್ನೂ ಬಿದ್ದಿಲ್ಲ, ಬರೀ ನಡಿಗೆ. ಅದನ್ನು ನೋಡಿದರೇ ಗುಲಾಮರು ಉಳಿಯುವುದಿಲ್ಲ ಅಂತ ತಿಳಿಯುತ್ತದೆ. ಇನ್ನು ಗುಂಪಿನ ಕೂಗು ಎಲ್ಲಿಯದು ಗೊತ್ತಾ? ಅಮೆರಿಕದ ಒಂದು ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ ಬಂದಿದ್ದ ಜನರಿಂದ ಕೂಗಿಸಿ ಧ್ವನಿಮುದ್ರಣ ಮಾಡಿದ್ದು.

ಕೈಬಿಟ್ಟ ನಿಜ: ಕ್ರಿ.ಪೂ. 73ರಲ್ಲಿ ಎಪ್ಪತ್ತು ಚಿಲ್ಲರೆ ಗ್ಲಾಡಿಯೇಟರ್‌ಗಳು ಅಡುಗೆಮನೆಯ ಚಾಕು, ಸಲಾಕೆ ಹಿಡಿದು ಓಡಿಹೋಗಿ ವೆಸುವಿಯಸ್ ಬೆಟ್ಟ ಹತ್ತಿದರು. ಇಳಿಯಲು ಇದ್ದ ಒಂದೇ ದಾರಿಯನ್ನು ರೋಮನ್ನರು ಮುಚ್ಚಿದರು. ಇವರು ಕಾಡು ದ್ರಾಕ್ಷಿ ಬಳ್ಳಿಗಳನ್ನು ಹೆಣೆದು ಏಣಿ ಮಾಡಿ ಕಡಿದಾದ ಕಡೆಯಿಂದ ಇಳಿದು, ಹಿಂದಿನಿಂದ ಹೋಗಿ ಹೊಡೆದರು. ಇಂಥ ಸೀನ್ ಯಾರಾದರೂ ಬಿಡುತ್ತಾರಾ? ಬಿಟ್ಟಿದ್ದಾರೆ. ಚಿತ್ರದಲ್ಲಿ ಸ್ಪಾರ್ಟಕಸ್ ಶಿಲುಬೆಯ ಮೇಲೆ ಸಾಯುತ್ತಾನೆ. ನಿಜದಲ್ಲಿ ಅವನು ಕ್ರಿ.ಪೂ. 71ರ ಯುದ್ಧದಲ್ಲಿ ಬಿದ್ದ, ಹೆಣ ಸಿಗಲೇ ಇಲ್ಲ. ಸೆರೆಸಿಕ್ಕ 6,000 ಜನರನ್ನು ಕಾಪುವಾದಿಂದ ರೋಮಿನ ತನಕ ಆಪಿಯನ್ ರಸ್ತೆಯುದ್ದಕ್ಕೂ ಶಿಲುಬೆಗೇರಿಸಿದ್ದು ಮಾತ್ರ ನಿಜ.

ಬೆನ್‌ಹರ್ ಮತ್ತು ಇದರ ನಡುವೆ ಆರಿಸುವುದಾದರೆ, ಒಬ್ಬ ಮನುಷ್ಯನ ಸೇಡು ಮತ್ತು ಭಕ್ತಿ ಬೇಕೆಂದರೆ ಅದು, ಗುಂಪು ಎದ್ದು ನಿಲ್ಲುವುದು ಬೇಕೆಂದರೆ ಇದು. ನನ್ನ ಓಟು ಇದಕ್ಕೆ. ಪೂರ್ತಿ 197 ನಿಮಿಷದ್ದನ್ನೇ ಹುಡುಕಿ, 1991ರಲ್ಲಿ ರಿಪೇರಿ ಮಾಡಿದ್ದು. ಕತ್ತರಿ ಬಿದ್ದ ಪ್ರತಿಗಳೂ ಓಡಾಡುತ್ತಿವೆ.

ಇನ್ನುಳಿದವು

ಮೊದಲ ಗ್ಲಾಡಿಯೇಟರ್ ನೋಡಿ ಇಷ್ಟಪಟ್ಟವರು 1964ರ ದಿ ಫಾಲ್ ಆಫ್ ದಿ ರೋಮನ್ ಎಂಪೈರ್ ಹುಡುಕಿ ನೋಡಿ. ಅದೇ ಮಾರ್ಕಸ್ ಔರೇಲಿಯಸ್, ಅದೇ ಕಾಮೊಡಸ್, ಅದೇ ಹಿಮದ ಗಡಿ. 36 ವರ್ಷ ಮೊದಲೇ ಈ ಕಥೆ ಹೇಳಿ ಮುಗ್ಗರಿಸಿದ ಚಿತ್ರ. ನಿರ್ದೇಶಕ ಸ್ಪಾರ್ಟಕಸ್‌ನಿಂದ ಹೊರಬಂದ ಅದೇ ಆಂಥನಿ ಮ್ಯಾನ್. ಮ್ಯಾಡ್ರಿಡ್ ಹತ್ತಿರ ರೋಮಿನ ಫೋರಂ, ಅಂದರೆ ಊರ ನಡುವಿನ ದೊಡ್ಡ ಚೌಕವನ್ನು ಇಡಿಯಾಗಿ ಕಟ್ಟಿದರು. ಒಂದೇ ಒಂದು ಕಂಪ್ಯೂಟರ್ ಇಲ್ಲ, ಕಂಡದ್ದೆಲ್ಲ ಕಲ್ಲು ಮಣ್ಣು ಮರ ಗಾರೆ. ನಿರ್ಮಾಪಕರು ದಿವಾಳಿಯಾದರು. ನಾಯಕ ಮಂಕು, ಕಥೆ ನಿಧಾನ. ಆದರೆ ಗುರಾಣಿಗಳ ಬೇಲಿಯೊಳಗೆ ನಡೆಯುವ ಕೊನೆಯ ಕಾಳಗ, ಕಾಮೊಡಸ್ ಆಗಿ ನಗುವ ಕ್ರಿಸ್ಟೊಫರ್ ಪ್ಲಮರ್, ಇವೆರಡಕ್ಕಾದರೂ ನೋಡಬಹುದು.

ಅಖಾಡ ಸಾಕು, ಕಾಡಿನಲ್ಲಿ ಬೆನ್ನಟ್ಟುವುದು ಬೇಕು ಅಂದರೆ ಎರಡು ಸಣ್ಣ ಚಿತ್ರಗಳಿವೆ. ಎರಡೂ ಬ್ರಿಟನ್‌ನಲ್ಲಿ ಮರೆಯಾದ ಒಂಬತ್ತನೇ ಲೀಜನ್ ಎಂಬ ದಂಡಿನ ಸುತ್ತ. 2010ರ ಸೆಂಚುರಿಯನ್ 97 ನಿಮಿಷ, ಮೈಕೆಲ್ ಫಾಸ್‌ಬೆಂಡರ್, ರಕ್ತ ಸಿಕ್ಕಾಪಟ್ಟೆ. 2011ರ ದಿ ಈಗಲ್ 114 ನಿಮಿಷ, ರಕ್ತ ಕಮ್ಮಿ, ಒಡೆಯ ಮತ್ತು ಗುಲಾಮನ ನಡುವಿನ ಸಂಬಂಧ ಚೆನ್ನಾಗಿದೆ. ಗಡಿ ದಾಟಿದ ಮೇಲೆ ಯಾರು ಒಡೆಯ, ಯಾರು ಗುಲಾಮ ಅನ್ನುವುದೇ ಅದಲುಬದಲಾಗುತ್ತದೆ. ನನಗೆ ಇದು ಇಷ್ಟ. ಅಂದಹಾಗೆ ಆ ದಂಡು ಬ್ರಿಟನ್ನಿನಲ್ಲೇ ಅಳಿಯಿತು ಅಂತ ಹೇಳಲಾಗದು. ಅದರ ಮುದ್ರೆ ಇರುವ ಹೆಂಚುಗಳು ಈಗಿನ ನೆದರ್‌ಲ್ಯಾಂಡ್ಸ್‌ನ ನೈಮೇಖನ್‌ನಲ್ಲೂ ಸಿಕ್ಕಿವೆ.

2014ರ ಪಾಂಪೈ? ಜ್ವಾಲಾಮುಖಿ ಚೆನ್ನಾಗಿ ಸಿಡಿಯುತ್ತದೆ. ಕೊನೆಯ ಅರ್ಧ ಗಂಟೆ ನೋಡಿದರೆ ಸಾಕು.

ಮನೆಯವರ ಜೊತೆ ನೋಡುವಾಗ

ಇದು ಮಾತ್ರ ಮೊದಲೇ ತಿಳಿದಿರಲಿ. ಎರಡು ಗ್ಲಾಡಿಯೇಟರ್‌ಗಳಿಗೂ ಸೆಂಚುರಿಯನ್‌ಗೂ ಅಮೆರಿಕದಲ್ಲಿ ಆರ್ ಸರ್ಟಿಫಿಕೇಟ್ ಇದೆ. ಚಿಕ್ಕ ಮಕ್ಕಳಿದ್ದರೆ ಬೇಡ. ಬೆನ್‌ಹರ್‌ಗೆ ಎಲ್ಲರೂ ನೋಡಬಹುದಾದ ಜಿ. ಆದರೂ ಓಟದಲ್ಲಿ ಒಬ್ಬ ರಥದಡಿ ಸಿಕ್ಕುವುದು, ಆಮೇಲೆ ಕುಷ್ಠರೋಗಿಗಳ ಕಣಿವೆ, ಮಕ್ಕಳು ಹೆದರಬಹುದು. ಸ್ಪಾರ್ಟಕಸ್ ಹತ್ತನೇ ಕ್ಲಾಸು ದಾಟಿದವರಿಗೆ ಸರಿ. ವಯಸ್ಸಾದವರು ಇದ್ದರೆ ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಿಡಿ. ಹಳೆಯ ಎರಡಕ್ಕೂ ಚಿತ್ರದಲ್ಲೇ ಇಂಟರ್‌ವಲ್ ಇದೆ, ಕಾಫಿಗೆ ಅನುಕೂಲ. ಇನ್ನು ಬೆನ್‌ಹರ್ ಪರದೆ ವಿಪರೀತ ಅಗಲ. ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಪಟ್ಟಿ ಹೋಗಲಿ ಅಂತ ಜೂಮ್ ಮಾಡಿದಿರೋ, ನಾಲ್ಕು ಕುದುರೆಗಳಲ್ಲಿ ಎರಡು ಮಾಯ.

ಆ ಭಾನುವಾರ ಏನಾಯಿತು ಅಂದರೆ, ನನ್ನ ಅರ್ಧ ಗಂಟೆಯ ಉಪದೇಶವನ್ನೆಲ್ಲ ಪಕ್ಕಕ್ಕಿಟ್ಟು ಹುಡುಗರು ನೇರವಾಗಿ ಎರಡನೇ ಗ್ಲಾಡಿಯೇಟರ್ ಹಾಕಿದರು. ಶಾರ್ಕ್ ಬಂದಾಗ ಶಿಳ್ಳೆ ಹೊಡೆದರಂತೆ. ರಾತ್ರಿ ಹತ್ತೂವರೆಗೆ ಮೆಸೇಜು ಬಂತು: "ಮಾಮ, ಎಲ್ಲರೂ ಮ್ಯಾಕ್ಸಿಮಸ್ ಮ್ಯಾಕ್ಸಿಮಸ್ ಅಂತಾರಲ್ಲ, ಯಾರು ಅವನು?" ಅಪ್ಪ ಮಾರನೇ ದಿನ ಬೆನ್‌ಹರ್ ಹಾಕಿಸಿಕೊಂಡು ನೋಡಿದರು. ಅಮ್ಮ ಇಂಟರ್‌ವಲ್ ತನಕ ನಿದ್ದೆ ಮಾಡಿ, ಕುದುರೆ ಸದ್ದಿಗೆ ಎದ್ದು ಕೂತರಂತೆ.